ಗ್ಯಾಲ್ವೆಸ್ಟನ್ ದ್ವೀಪದ ಗಾಳಿ ಮತ್ತು ಒಂದು ಮೊಂತಿ ಹಬ್ಬ



ನಮ್ಮ ಇಗರ್ಜಿಯ ನೂರು ವರ್ಷಗಳ ಚರಿತ್ರೆ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ದಾನಿಗಳ ಸ್ಮರಣೆ, ಇವೆಲ್ಲವನ್ನೂ ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಓದುವಿರಿ. ಸಂಪಾದಕ ಮಂಡಳಿಯವರು ನಮ್ಮಿಂದಲೂ ಒಂದು ಚಾರಿತ್ರಿಕ ಲೇಖನವನ್ನು ಅಪೇಕ್ಷಿಸಿದಾಗ, ಬಹುಕಾಲದಿಂದ ನಮ್ಮ ಮನಸ್ಸಿನಲ್ಲಿದ್ದ ಒಂದು ಪರದೇಶದ ವೃತ್ತಾಂತವನ್ನು ಇಲ್ಲಿ ಬರೆಯುವುದು ಸೂಕ್ತವೆಂದು ನಾವು ಭಾವಿಸಿದೆವು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರುವ ನೆಲದಲ್ಲಿ ಬಾಳುವ ನಮಗೆ ಇದು ತೀರ ಪರಕೀಯವಾಗಿ ತೋರಲಾರದು.

ಸೆಪ್ಟೆಂಬರ್ 8 ನಮಗೆಲ್ಲ ಎಂಥ ದಿನವೆಂಬುದನ್ನು ಹೇಳಬೇಕಾಗಿಲ್ಲ. ಕನ್ಯಾಮರಿಯಮ್ಮನವರ ಜನನೋತ್ಸವ, ನಮ್ಮ ಬಾಯಲ್ಲಿ ಮೊಂತಿ ಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಮಾತೆಯ ಪಾದಕ್ಕೆ ಎರಚುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಆಶೀರ್ವಾದವಾಗುತ್ತದೆ. ಮಳೆಯ ಬಿರುಸು ತಗ್ಗಿ, ಬಿಸಿಲು ಇಣುಕಿ, ಮುಚ್ಚಿದ್ದ ಕಡಲು ಮತ್ತೆ ದೋಣಿಗಳಿಗೆ ದಾರಿ ಕೊಡುವ ಕಾಲವದು. 1900ನೆಯ ಇಸವಿಯಲ್ಲಿ ಆ ಹಬ್ಬ ಶನಿವಾರ ಬಂದಿತ್ತು. ನಮ್ಮ ಇಗರ್ಜಿ ಆಗಿನ್ನೂ ಇರಲಿಲ್ಲ. ನಮ್ಮ ಹಿರಿಯರು ದೋಣಿಯಲ್ಲಿ ಹೊಳೆ ದಾಟಿ ತಾಯಿ ಇಗರ್ಜಿಗೆ ಹೋಗುತ್ತಿದ್ದ ಕಾಲ. ಅದೇ ದಿನ, ಭೂಮಿಯ ಇನ್ನೊಂದು ಬದಿಯ ಒಂದು ದ್ವೀಪಪಟ್ಟಣದಲ್ಲಿ, ತೊಂಬತ್ತಮೂರು ಅನಾಥ ಮಕ್ಕಳೂ ಹತ್ತು ಮಂದಿ ಭಗಿನಿಯರೂ ಅದೇ ಮಾತೆಯ ಸ್ತುತಿಗೀತೆಯನ್ನು ಹಾಡುತ್ತಾ ಕಡಲ ನೀರಿನ ನಡುವೆ ನಿಂತಿದ್ದರು.

ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಅಂಚಿನಲ್ಲಿ, ಮೆಕ್ಸಿಕೋ ಕೊಲ್ಲಿಯ ದಂಡೆಗೆ ಸಮಾನಾಂತರವಾಗಿ ಮಲಗಿರುವ ಹೊಯಿಗೆಯ ದ್ವೀಪವೇ ಗ್ಯಾಲ್ವೆಸ್ಟನ್. ಉದ್ದ ನಲವತ್ತು ಕಿಲೋಮೀಟರಿಗೂ ಮಿಕ್ಕಿ. ಅಗಲವಾದರೋ ಹೆಚ್ಚೆಂದರೆ ಐದು ಕಿಲೋಮೀಟರು. ತೆಂಕಣಕ್ಕೆ ತೆರೆದ ಕೊಲ್ಲಿ, ಬಡಗಣಕ್ಕೆ ಒಳಗಡಲು. 1900ರಲ್ಲಿ ಈ ದ್ವೀಪದ ಅತಿ ಎತ್ತರದ ನೆಲವೂ ಕಡಲ ಮಟ್ಟದಿಂದ ಒಂಬತ್ತು ಅಡಿಗಿಂತ ಕಡಿಮೆಯಿತ್ತು. ಹಾಗಿದ್ದರೂ ಹತ್ತಿಯ ವ್ಯಾಪಾರದಿಂದ ಅದು ಸಿರಿವಂತ ಬಂದರಾಗಿ ಬೆಳೆದು, ಸುಮಾರು 37,000 ಜನ ಅಲ್ಲಿ ನೆಲೆಸಿದ್ದರು. 1847ರಲ್ಲಿಯೇ ಅದು ಧರ್ಮಪ್ರಾಂತದ ಕೇಂದ್ರವಾಗಿತ್ತು. ಅಲ್ಲಿಯ ಸಂತ ಮರಿಯಮ್ಮನವರ ಪ್ರಧಾನಾಲಯದ ಗೋಪುರದ ಮೇಲೆ, ನಾವಿಕರ ಆಸರೆಯಾದ ಸಮುದ್ರತಾರೆ ಮಾತೆಯ ಪ್ರತಿಮೆಯನ್ನು ನಿಲ್ಲಿಸಿದ್ದರು.

ಅಲ್ಲಿಯ ಋತುಮಾನ ನಮ್ಮದರಂತೆ ಅಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯ ಬಹುಭಾಗ ನಾಲ್ಕು ತಿಂಗಳಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟು ಮಳೆ ವರ್ಷವಿಡೀ ಹಂಚಿಕೊಂಡು ಬರುತ್ತದೆ. ಬೇಸಿಗೆಯಲ್ಲಿ ಆಗ್ನೇಯ ದಿಕ್ಕಿನಿಂದ ಕೊಲ್ಲಿಯ ಗಾಳಿ ಎಡೆಬಿಡದೆ ಬೀಸುತ್ತದೆ. ರಾತ್ರಿಯೂ ಸೆಕೆ ಇಳಿಯದು, ಮೈ ಅಂಟಂಟಾಗುವುದು ತಪ್ಪದು. ಚಳಿಗಾಲದಲ್ಲಿ ಮಾತ್ರ ಬಡಗಣ ಬಯಲುಗಳಿಂದ ಶೀತಗಾಳಿ ಥಟ್ಟನೆ ನುಗ್ಗಿ, ಕೆಲವೇ ಗಂಟೆಗಳಲ್ಲಿ ಉಷ್ಣತೆಯನ್ನು ಹತ್ತಾರು ಡಿಗ್ರಿ ಇಳಿಸಿಬಿಡುತ್ತದೆ. 1899ರ ಫೆಬ್ರವರಿಯಲ್ಲಿ ಅಂಥದೊಂದು ಗಾಳಿ ಬಂದು ಒಳಗಡಲ ನೀರು ಹೆಪ್ಪುಗಟ್ಟಿತ್ತು. ಈ ಬಡಗಣ ಗಾಳಿಯನ್ನು ಬೇರೆಯವರು ಶಪಿಸಬಹುದು. ಗ್ಯಾಲ್ವೆಸ್ಟನ್ನಿನ ಹಿಂದಿನ ತಲೆಮಾರಿನವರು ಅದನ್ನು ಕಾದು ಕುಳಿತಿರುತ್ತಿದ್ದರು. ಅದಕ್ಕೆ ಕಾರಣ ಪೀತಜ್ವರ.

ಬೇಸಿಗೆಯ ನಡುವೆ ತಲೆಯೆತ್ತುತ್ತಿದ್ದ ಈ ಜ್ವರ, ಶರತ್ಕಾಲ ಕಳೆದು ಮೊದಲ ಹಿಮ ಬಿದ್ದೊಡನೆ ತಾನಾಗಿಯೇ ಅಡಗುತ್ತಿತ್ತು. 1839, 1853, 1867, ಇವು ಆ ಪಟ್ಟಣದವರು ಮರೆಯಲಾರದ ವರ್ಷಗಳು. ಜ್ವರ ಸೆಕೆಯೊಡನೆ ಬಂದು ಚಳಿಗಾಳಿಯೊಡನೆ ಹೋಗುತ್ತಿದ್ದುದರಿಂದ, ರೋಗ ಗಾಳಿಯಲ್ಲಿಯೇ ಇದೆಯೆಂದು ಪಂಡಿತರೂ ಪಾಮರರೂ ಸಮಾನವಾಗಿ ನಂಬಿದ್ದರು. ಚರಂಡಿಯ ಕೊಳೆ, ಜೌಗುನೆಲದ ಆವಿ, ಜನದಟ್ಟಣೆಯ ಕೇರಿಗಳ ನಾತ, ಇವುಗಳಿಂದ ಕೆಟ್ಟ ಗಾಳಿಯೇಳುತ್ತದೆ. ಅದನ್ನು ಉಸಿರಾಡಿದವನು ಮಲಗುತ್ತಾನೆ. ಇದು ಅಂದಿನ ವೈದ್ಯಶಾಸ್ತ್ರ. ಮಲೇರಿಯ ಎಂಬ ಹೆಸರಿನ ಅರ್ಥವೇ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ ಎಂದು. ನಮ್ಮ ಊರುಗಳಲ್ಲಿಯೂ ಮಗುವಿಗೆ ಜ್ವರ ಬಂದರೆ ‘ಗಾಳಿ ತಾಗಿತು’ ಎನ್ನುತ್ತಿದ್ದ ಅಜ್ಜಿಯಂದಿರನ್ನು ನಾವು ಕಂಡಿದ್ದೇವೆ. ಆದುದರಿಂದ ಅವರನ್ನು ನೋಡಿ ನಗುವ ಅಧಿಕಾರ ನಮಗಿಲ್ಲ.

ಈ ಜ್ವರದ ನಾಡಿಗೆ, ಬಿಷಪ್ ಕ್ಲೋಡ್ ಮರೀ ದ್ಯುಬುಯಿಯವರ ಕರೆಗೆ ಓಗೊಟ್ಟು, ಫ್ರಾನ್ಸಿನ ಲಿಯೋನ್ ನಗರದಿಂದ ಮೂವರು ಭಗಿನಿಯರು 1866ರಲ್ಲಿ ಬಂದಿಳಿದರು. ನರಾವತಾರವೆತ್ತಿದ ದೈವವಾರ್ತೆಯ ಹೆಸರಿನ ದಯಾಭಗಿನಿಯರ ಸಭೆ ಅಲ್ಲಿ ಮೊದಲಾದದ್ದು ಹೀಗೆ. 1867ರ ವಸಂತದಲ್ಲಿ ಅವರು ಆಸ್ಪತ್ರೆಯ ಬಾಗಿಲು ತೆರೆದರು. ಅದೇ ಬೇಸಿಗೆಯಲ್ಲಿ ಪೀತಜ್ವರ ಎರಗಿ, ಪಟ್ಟಣದ ಸುಮಾರು ಸಾವಿರ ಜನರನ್ನು ಕೊಂಡೊಯ್ದಿತು. ಮೂವರಲ್ಲಿ ಹಿರಿಯರಾದ ಮದರ್ ಬ್ಲಾಂಡೀನ್ ರೋಗಿಗಳ ಶುಶ್ರೂಷೆಯಲ್ಲಿಯೇ ಜ್ವರಕ್ಕೆ ತುತ್ತಾದರು. ಪರದೇಶಕ್ಕೆ ಬಂದು ಅವರಿಗೆ ಒಂದು ವರ್ಷವೂ ತುಂಬಿರಲಿಲ್ಲ. ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳು ಭಗಿನಿಯರ ಆಶ್ರಯಕ್ಕೆ ಬರಲಾರಂಭಿಸಿದರು.

ಆ ಮಕ್ಕಳನ್ನು ಪಟ್ಟಣದ ಆಸ್ಪತ್ರೆಯ ಬಳಿಯಲ್ಲಿ, ಜ್ವರದ ಗಾಳಿಯ ನಡುವೆ ಇಟ್ಟುಕೊಳ್ಳುವುದು ಹೇಗೆ? ಪಟ್ಟಣದಿಂದ ಪಡುವಣಕ್ಕೆ ಸುಮಾರು ಮೂರು ಮೈಲಿ ದೂರದಲ್ಲಿ, ಕಡಲಿಗೆ ಎದುರಾಗಿ, ಒಂದು ಹಳೆಯ ಹಿಡುವಳಿ ಸಿಕ್ಕಿತು. ದಟ್ಟಣೆಯಿಲ್ಲ, ಚರಂಡಿಯಿಲ್ಲ, ದಿನವಿಡೀ ಕೊಲ್ಲಿಯ ನಿರ್ಮಲವಾದ ಗಾಳಿ. ಮುಂದೆ ಹೊಯಿಗೆಯ ದಿಬ್ಬಗಳ ಸಾಲು, ಅದನ್ನು ಹಿಡಿದು ನಿಲ್ಲಿಸಿದ ಉಪ್ಪುನೆಲದ ಗಿಡಮರಗಳು. 1874ರಲ್ಲಿ ಅನಾಥಾಲಯ ಅಲ್ಲಿಗೆ ಹೋಯಿತು. ಕೊಲ್ಲಿಯ ಕಡೆಗೆ ಮೊಗಸಾಲೆಗಳಿದ್ದ ಎರಡು ಅಂತಸ್ತಿನ ಎರಡು ಕಟ್ಟಡಗಳು, ಒಂದು ಗಂಡುಮಕ್ಕಳಿಗೆ, ಇನ್ನೊಂದು ಹೆಣ್ಣುಮಕ್ಕಳಿಗೆ. ತಾಯಿಯಾದವಳು ತನ್ನ ಮಗುವಿಗೆ ಏನನ್ನು ಮಾಡುತ್ತಿದ್ದಳೋ ಭಗಿನಿಯರು ಅದನ್ನೇ ಮಾಡಿದರು: ಇದ್ದುದರಲ್ಲಿ ಒಳ್ಳೆಯ ಗಾಳಿಯಿರುವ ಜಾಗವನ್ನು ಆರಿಸಿದರು. ನಿಜಕ್ಕೂ 1867ರಷ್ಟು ದೊಡ್ಡ ಜ್ವರ ಆ ಪಟ್ಟಣಕ್ಕೆ ಮತ್ತೆ ಬರಲೇ ಇಲ್ಲ. ಭಯ ಮಾತ್ರ ಉಳಿದುಕೊಂಡಿತ್ತು.

ಕಡಲ ಭಯವಾದರೋ ಜನರಲ್ಲಿ ದಿನೇದಿನೇ ಕಡಿಮೆಯಾಗುತ್ತಿತ್ತು. ಅದೇ ಕರೆಯಲ್ಲಿದ್ದ ಇಂಡಿಯನೋಲಾ ಎಂಬ ಬಂದರನ್ನು 1875ರಲ್ಲಿ ಒಂದು ಚಂಡಮಾರುತ ಹಾಳುಗೆಡವಿತು; 1886ರಲ್ಲಿ ಇನ್ನೊಂದು ಬಂದು ಉಳಿದುದನ್ನೂ ಮುಗಿಸಿತು. ಆಗ ಗ್ಯಾಲ್ವೆಸ್ಟನ್ನಿನ ಕೆಲವು ಪ್ರಮುಖರು ತಡೆಗೋಡೆಯ ಮಾತೆತ್ತಿದರು. ಮಾತು ಮಾತಾಗಿಯೇ ಉಳಿಯಿತು. ಅಲ್ಲಿಯ ಹವಾಮಾನ ಕಚೇರಿಯ ಮುಖ್ಯಸ್ಥ ಐಸಾಕ್ ಕ್ಲೈನ್ 1891ರಲ್ಲಿ ಪತ್ರಿಕೆಯೊಂದಕ್ಕೆ ಲೇಖನ ಬರೆದು, ಚಂಡಮಾರುತ ಈ ಪಟ್ಟಣಕ್ಕೆ ದೊಡ್ಡ ಹಾನಿ ಮಾಡೀತೆಂಬ ಅಂಜಿಕೆ ಬರಿಯ ಭ್ರಮೆಯೆಂದು ಸಾರಿದರು. ಅವರು ಅವಿದ್ಯಾವಂತರಲ್ಲ, ಉದಾಸೀನರೂ ಅಲ್ಲ, ವೈದ್ಯಶಾಸ್ತ್ರವನ್ನೂ ಓದಿದವರು. ಆದರೆ ಓದಿದವನ ತಪ್ಪು ಓದದವನ ತಪ್ಪಿಗಿಂತ ಹೆಚ್ಚು ದೂರ ನಡೆಯುತ್ತದೆ. ಗುರುಪೀಠದಲ್ಲಿ ನಿಂತು ಮಾತನಾಡುವ ನಾವೂ ಇದನ್ನು ನೆನಪಿನಲ್ಲಿಡಬೇಕಾಗಿದೆ.

ಇಲ್ಲಿ ಯೇಸುಸಭೆಯ ಗುರುಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದು ನಮ್ಮ ಕರಾವಳಿಗೆ ಕಾಲೇಜು, ಆಸ್ಪತ್ರೆಗಳನ್ನಿತ್ತ ಸಭೆಯೆಂದು ನಾವು ಅವರನ್ನು ಬಲ್ಲೆವು. ಅದೇ ಸಭೆಯವರು ಅನೇಕ ದೇಶಗಳಲ್ಲಿ ಆಕಾಶವನ್ನೂ ಗಾಳಿಯನ್ನೂ ಅಳೆಯುತ್ತಿದ್ದರು. ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಲಾಫೊಂ, ತಾತ್ಕಾಲಿಕವಾಗಿ ಹೂಡಿಕೊಂಡ ಉಪಕರಣಗಳಿಂದಲೇ 1867ರ ಚಂಡಮಾರುತವನ್ನು ಮುಂಗಂಡು ಅಧಿಕಾರಿಗಳನ್ನು ಎಚ್ಚರಿಸಿ ಅನೇಕರ ಜೀವ ಉಳಿಸಿದರು. ಮನಿಲಾದಲ್ಲಿ ಫಾದರ್ ಫೌರಾ 1879ರಲ್ಲಿ ಅದೇ ಕೆಲಸ ಮಾಡಿದರು. ಕ್ಯೂಬಾ ದ್ವೀಪದ ಹವಾನಾದಲ್ಲಿದ್ದ ಬೆಲೆನ್ ಕಾಲೇಜಿನ ವೀಕ್ಷಣಾಲಯವಂತೂ ಇವರೆಲ್ಲರಿಗೂ ಮೇಲ್ಪಂಕ್ತಿ. ಅಲ್ಲಿಯ ಫಾದರ್ ಬೆನಿತೊ ವಿನ್ಯೆಸ್ 1870ರಿಂದ 1893ರಲ್ಲಿ ತೀರಿಕೊಳ್ಳುವವರೆಗೆ ವಾಯುಭಾರಮಾಪಕದ ಏರಿಳಿತವನ್ನೂ, ಬಹು ಎತ್ತರದಲ್ಲಿ ಗರಿಗಳಂತೆ ಹರಡುವ ಮೋಡಗಳ ದಿಕ್ಕನ್ನೂ ಗುರುತು ಮಾಡುತ್ತಾ, ಕಣ್ಣಿಗೆ ಕಾಣದ ದೂರದ ಚಂಡಮಾರುತ ಎಲ್ಲಿದೆ, ಎತ್ತ ಸಾಗುತ್ತಿದೆ ಎಂದು ಹೇಳುವ ವಿದ್ಯೆಯನ್ನು ರೂಢಿಸಿದರು. ಬಂದರಿನ ನಾವಿಕರು ಅವರ ಮಾತನ್ನು ಕೇಳದೆ ಹಗ್ಗ ಬಿಚ್ಚುತ್ತಿರಲಿಲ್ಲ. ಅವರ ನಂತರ ಆ ಸ್ಥಾನಕ್ಕೆ ಫಾದರ್ ಗಾಂಗೊಯಿತೆ ಬಂದರು.

1898ರ ಯುದ್ಧದ ಬಳಿಕ ಕ್ಯೂಬಾ ಅಮೆರಿಕದ ಆಡಳಿತಕ್ಕೆ ಒಳಪಟ್ಟಿತ್ತು. ಅಮೆರಿಕದ ಹವಾಮಾನ ಇಲಾಖೆಯ ಅಧಿಕಾರಿಗಳಿಗೆ ಕ್ಯೂಬಾದವರ ಮುನ್ಸೂಚನೆಗಳು ರುಚಿಸುತ್ತಿರಲಿಲ್ಲ. ಅವರು ಸುಮ್ಮನೆ ಜನರನ್ನು ಬೆದರಿಸುತ್ತಾರೆಂಬ ತಾತ್ಸಾರ. 1900ರ ಆಗಸ್ಟಿನಲ್ಲಿ, ಚಂಡಮಾರುತದ ವಿಷಯದಲ್ಲಿ ಕ್ಯೂಬಾದ ವೀಕ್ಷಕರ ತಂತಿಸಂದೇಶಗಳು ಸರ್ಕಾರಿ ತಂತಿಯಲ್ಲಿ ಹೋಗಕೂಡದೆಂದು ತಡೆ ಹಾಕಲಾಯಿತು. ಸೆಪ್ಟೆಂಬರಿನ ಮೊದಲ ವಾರ ಒಂದು ಬಿರುಗಾಳಿ ಕ್ಯೂಬಾವನ್ನು ದಾಟಿ ಕೊಲ್ಲಿಯನ್ನು ಪ್ರವೇಶಿಸಿತು. ಇದು ಬಲಿಯುತ್ತಾ ಟೆಕ್ಸಾಸಿನತ್ತ ಸಾಗುವುದೆಂದು ಹವಾನಾದವರ ಅಭಿಪ್ರಾಯ. ಬಲಕ್ಕೆ ತಿರುಗಿ ಅಟ್ಲಾಂಟಿಕ್ ತೀರಕ್ಕೆ ಹೋಗುವುದೆಂದು ವಾಷಿಂಗ್ಟನ್ನಿನವರ ಅಭಿಪ್ರಾಯ. ಅದು ಬೆಚ್ಚನೆಯ ನೀರಿನ ಮೇಲೆ ಎರಡು ದಿನ ಬಲಿತು, ಹವಾನಾದವರು ಹೇಳಿದ ಕಡೆಗೇ ಬಂತು.

ಶನಿವಾರ ಬೆಳಗ್ಗೆ ಗ್ಯಾಲ್ವೆಸ್ಟನ್ನಿನಲ್ಲಿ ಬಡಗಣ ಗಾಳಿ ಬೀಸುತ್ತಿತ್ತು. ಬಡಗಣ ಗಾಳಿ ಕೊಲ್ಲಿಯ ನೀರನ್ನು ಹಿಂದಕ್ಕೆ ತಳ್ಳಬೇಕಷ್ಟೆ. ಆದರೆ ಗಾಳಿಗೆ ಎದುರಾಗಿಯೇ ನೀರು ಏರುತ್ತಿತ್ತು. ಇದನ್ನು ಕಂಡಾಗ ಕ್ಲೈನ್ ಅವರಿಗೆ ಅರಿವಾಯಿತು. ಕುದುರೆಗಾಡಿಯಲ್ಲಿ ದಂಡೆಯುದ್ದಕ್ಕೂ ಹೋಗಿ ಜನರನ್ನು ಎಚ್ಚರಿಸಿದೆನೆಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಅಷ್ಟರಲ್ಲಿ ಬಡಗಣದ ಒಳಗಡಲು ಪಟ್ಟಣದ ಬೀದಿಗಳಿಗೆ ನುಗ್ಗಿತ್ತು. ತೆಂಕಣದಿಂದ ಕೊಲ್ಲಿ ಬಂತು. ಎರಡು ನೀರುಗಳೂ ಊರ ನಡುವೆ ಕೂಡಿಕೊಂಡವು. ಸಂಜೆ ಗಾಳಿ ಮೂಡಣಕ್ಕೂ ಅಲ್ಲಿಂದ ಆಗ್ನೇಯಕ್ಕೂ ತಿರುಗಿದಾಗ ನೀರು ಕೆಲವೇ ಕ್ಷಣಗಳಲ್ಲಿ ನಾಲ್ಕಡಿ ಮೇಲೆದ್ದಿತು. ಒಂಬತ್ತಡಿಯೂ ಎತ್ತರವಿಲ್ಲದ ದ್ವೀಪದ ಮೇಲೆ ಹದಿನೈದಡಿಯ ಕಡಲು! ಕ್ಲೈನ್ ಅವರ ಮನೆಯೂ ಬಿದ್ದು, ಅವರ ಪತ್ನಿ ನೀರುಪಾಲಾದರು. ಅರ್ಸುಲೈನ್ ಭಗಿನಿಯರ ಗಟ್ಟಿಯಾದ ಕಾನ್ವೆಂಟಿನಲ್ಲಿ ಸಾವಿರದಷ್ಟು ಜನ ಆಶ್ರಯ ಪಡೆದರು. ಆ ರಾತ್ರಿ ಅಲ್ಲಿ ನಾಲ್ಕು ಶಿಶುಗಳು ಹುಟ್ಟಿದವೆಂದು ದಾಖಲೆಗಳು ಹೇಳುತ್ತವೆ.

ಅನಾಥಾಲಯದ ಸಿಸ್ಟರ್ ಎಲಿಜಬೆತ್ ರಯನ್ ಆ ಬೆಳಗ್ಗೆ ಬಂಡಿ ಕಟ್ಟಿಸಿಕೊಂಡು ಆಹಾರಪದಾರ್ಥ ತರಲು ಪಟ್ಟಣದ ಆಸ್ಪತ್ರೆಗೆ ಬಂದಿದ್ದರು. ಬಿರುಗಾಳಿ ನಿಲ್ಲುವವರೆಗೆ ಇಲ್ಲಿಯೇ ಇರಿ ಎಂದು ಅಲ್ಲಿಯ ಮದರ್ ಗೇಬ್ರಿಯಲ್ ಬೇಡಿಕೊಂಡರು. ನಾವು ಹೋಗದಿದ್ದರೆ ಮಕ್ಕಳಿಗೆ ರಾತ್ರಿಯ ಊಟವಿಲ್ಲ ಎಂದು ಸಿಸ್ಟರ್ ಎಲಿಜಬೆತ್ ಬಂಡಿಯೇರಿ ಹೊರಟುಹೋದರು. ಈ ಕತೆಯಲ್ಲಿ ನಮ್ಮನ್ನು ಹೆಚ್ಚಾಗಿ ಕಾಡುವುದು ಈ ಬಂಡಿಯೇ.

ಹೊಯಿಗೆಯ ದಿಬ್ಬಗಳು ಹಿಟ್ಟಿನಂತೆ ಕರಗಿದವು. ಭಗಿನಿಯರು ಮಕ್ಕಳೆಲ್ಲರನ್ನೂ ಹೊಸದೂ ಗಟ್ಟಿಯೂ ಆದ ಹೆಣ್ಣುಮಕ್ಕಳ ಕಟ್ಟಡಕ್ಕೆ ಕರೆತಂದರು. ಮೊದಲು ಕೆಳಗಿನ ಪ್ರಾರ್ಥನಾಲಯಕ್ಕೆ, ನೀರೇರಿದಂತೆ ಮಾಳಿಗೆಗೆ. ಹೆದರಿದ ಮಕ್ಕಳನ್ನು ಸಂತೈಸಲು ‘ಅಲೆಗಳ ರಾಣಿ’ ಎಂದು ಮಾತೆಯನ್ನು ಕರೆಯುವ ಒಂದು ಹಳೆಯ ಫ್ರೆಂಚ್ ಸ್ತುತಿಗೀತೆಯನ್ನು ಹಾಡಿಸಿದರು. ಕೆಲಸದಾಳನ್ನು ಕಳುಹಿಸಿ ಬಟ್ಟೆ ಒಣಗಿಸುವ ಹಗ್ಗವನ್ನು ತರಿಸಿ, ತುಂಡು ಮಾಡಿ, ಒಬ್ಬೊಬ್ಬ ಭಗಿನಿಯೂ ಆರರಿಂದ ಎಂಟು ಮಕ್ಕಳನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡರು. ದೊಡ್ಡ ಹುಡುಗರು ಕೆಲವರು ಮಾಡಿಗೆ ಹತ್ತಿದರು. ಗಂಡುಮಕ್ಕಳ ಕಟ್ಟಡ ಕುಸಿದುದನ್ನು ಅವರು ಕಣ್ಣಾರೆ ಕಂಡಿರಬೇಕು. ಸ್ವಲ್ಪ ಹೊತ್ತಿನಲ್ಲಿ ಇದೂ ಬುಡ ಕಳಚಿ ಬಿತ್ತು.

ತೊಂಬತ್ತು ಮಕ್ಕಳೂ ಹತ್ತು ಮಂದಿ ಭಗಿನಿಯರೂ ಅಳಿದರು. ಮೂವರು ಹುಡುಗರು ಮಾತ್ರ ತೇಲುತ್ತಿದ್ದ ಮರವೊಂದನ್ನು ಹಿಡಿದು, ಒಂದು ದಿನಕ್ಕೂ ಹೆಚ್ಚು ಕಾಲ ನೀರಿನಲ್ಲಿದ್ದು ಬದುಕಿ ಬಂದರು. ದಿನಗಳ ನಂತರ ಹೊಯಿಗೆಯಲ್ಲಿ ಒಂದು ಮಗುವಿನ ಶವವನ್ನು ಎತ್ತಹೋದವರ ಕೈಗೆ ಹಗ್ಗ ಸಿಕ್ಕಿತು. ಎಳೆದಂತೆ ಒಂದಾದ ಮೇಲೊಂದು ಮಗು, ಕೊನೆಗೆ ಭಗಿನಿ. ಒಳಗಡಲಿನಾಚೆಯ ದಡದಲ್ಲಿ ಸಿಕ್ಕಿದ ಇನ್ನೊಬ್ಬ ಭಗಿನಿಯ ತೋಳುಗಳಲ್ಲಿ ಎರಡು ಮಕ್ಕಳಿದ್ದುವು. ದ್ವೀಪದಲ್ಲಿ ಸತ್ತವರು ಆರು ಸಾವಿರಕ್ಕೆ ಕಡಿಮೆಯಿಲ್ಲ. ಎಂಟು ಸಾವಿರವೆಂದೂ ಎಣಿಸುತ್ತಾರೆ. ಅಷ್ಟು ಹೆಣಗಳನ್ನು ಹೂಳಲು ಸಾಧ್ಯವಾಗದೆ ಭಾರ ಕಟ್ಟಿ ಕಡಲಿಗೆ ಹಾಕಿದರೆ ತೆರೆಗಳು ದಂಡೆಗೆ ಮರಳಿ ತಂದವು. ಕೊನೆಗೆ ವಾರಗಟ್ಟಲೆ ಚಿತೆಗಳು ಉರಿದುವು. ಒಳ್ಳೆಯ ಗಾಳಿಗೆ ಹೆಸರಾದ ದಂಡೆಯಲ್ಲಿ ಆ ಶರತ್ಕಾಲ ಜನ ಮೂಗು ಮುಚ್ಚಿಕೊಂಡು ಓಡಾಡಿದರು.

ಇನ್ನೊಂದು ಸಂಗತಿಯನ್ನು ಓದಿದಾಗ ನಾವು ಪುಸ್ತಕವನ್ನು ಮುಚ್ಚಿ ಕುಳಿತಿದ್ದುಂಟು. ಅದೇ ಹವಾನಾದಲ್ಲಿ ಡಾಕ್ಟರ್ ಕಾರ್ಲೋಸ್ ಫಿನ್ಲೆ ಎಂಬವರು 1881ರಲ್ಲಿಯೇ ಪೀತಜ್ವರವನ್ನು ಹರಡುವುದು ಗಾಳಿಯಲ್ಲ, ಸೊಳ್ಳೆ ಎಂದಿದ್ದರು. ಯಾರೂ ಕಿವಿಗೊಡಲಿಲ್ಲ. ಅದನ್ನು ಪರೀಕ್ಷಿಸಲು ವಾಲ್ಟರ್ ರೀಡ್ ಅವರ ತಂಡ ಹವಾನಾಕ್ಕೆ ಬಂದದ್ದು 1900ರ ಜೂನಿನಲ್ಲಿ. ಗ್ಯಾಲ್ವೆಸ್ಟನ್ನಿನಲ್ಲಿ ಚಿತೆಗಳು ಉರಿಯುತ್ತಿದ್ದಾಗ, ಸೆಪ್ಟೆಂಬರ್ 25ರಂದು, ಆ ತಂಡದ ಡಾಕ್ಟರ್ ಲೇಝಿಯರ್ ಜ್ವರದಿಂದ ತೀರಿಕೊಂಡರು. ವರ್ಷದ ಕೊನೆಯಲ್ಲಿ ಗಾಳಿಯಾಡದ ಗುಡಿಸಲೊಂದರಲ್ಲಿ, ರೋಗಿಗಳ ಹೊಲಸು ಹಾಸಿಗೆಗಳ ನಡುವೆ, ಸ್ವಯಂಸೇವಕರು ಹಲವು ರಾತ್ರಿ ಮಲಗಿದರು. ಒಬ್ಬನಿಗೂ ಜ್ವರ ಬರಲಿಲ್ಲ. ಸೊಳ್ಳೆ ಕಚ್ಚಿದವರಿಗೆ ಬಂತು. ಗ್ಯಾಲ್ವೆಸ್ಟನ್ನಿನ ಮನೆಮನೆಯಲ್ಲಿ ಮಳೆನೀರು ಹಿಡಿದಿಡುತ್ತಿದ್ದ ತೊಟ್ಟಿಗಳಲ್ಲಿ ಆ ಸೊಳ್ಳೆ ಬೆಳೆಯುತ್ತಿತ್ತು. ಚಳಿಗಾಳಿ ಬಂದಾಗ ಸಾಯುತ್ತಿತ್ತು. ಹಿರಿಯರು ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಇಂದು ನಮ್ಮ ಕರಾವಳಿಯಲ್ಲಿ ಡೆಂಗಿಯನ್ನು ಹರಡುವ ಸೊಳ್ಳೆಯೂ ಅದೇ ಜಾತಿಯದು.

ಹಾಗಾದರೆ ಭಗಿನಿಯರು ಕಡಲಂಚಿಗೆ ಹೋದದ್ದು ವ್ಯರ್ಥವೇ? ಕೆಲವು ಪ್ರವಚನಕಾರರು ಈ ವೃತ್ತಾಂತವನ್ನು ಹಗ್ಗದಿಂದ ತೊಡಗಿ ಸ್ತುತಿಗೀತೆಯಲ್ಲಿ ಮುಗಿಸಿ, ಕೇಳುವವರ ಕಣ್ಣಲ್ಲಿ ನೀರು ತರಿಸಿ ಇಳಿದುಬಿಡುತ್ತಾರೆ. ನಮಗೆ ಅದು ಅಷ್ಟಾಗಿ ಒಪ್ಪಿಗೆಯಾಗದು. ಆ ಹಗ್ಗ ಬೇಕಾಗದಂತೆ ಮಾಡಬಹುದಾಗಿದ್ದ ಎರಡು ತಿಳಿವಳಿಕೆಗಳು ಹವಾನಾ ಎಂಬ ಒಂದೇ ಊರಿನಲ್ಲಿದ್ದುವು, ಒಂದು ವೈದ್ಯರ ಬಳಿ, ಒಂದು ಗುರುಗಳ ಬಳಿ. ಎರಡನ್ನೂ ಕೇಳುವವರಿರಲಿಲ್ಲ. ದೇವರ ಚಿತ್ತವೆಂದು ಹೇಳಿ ಮುಗಿಸುವ ಮೊದಲು ಇದನ್ನೂ ಹೇಳಬೇಕು. ಭಗಿನಿಯರ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ.

ಮುಂದೆ ಆ ಪಟ್ಟಣದವರು ಮಾಡಿದ್ದನ್ನೂ ಮೆಚ್ಚಲೇಬೇಕು. 1902ರಿಂದ 1904ರೊಳಗೆ ಹದಿನೇಳಡಿ ಎತ್ತರದ, ಮೂರು ಮೈಲಿಗೂ ಮಿಕ್ಕಿದ ಕಾಂಕ್ರೀಟು ತಡೆಗೋಡೆಯನ್ನು ಕಟ್ಟಿದರು. ಆ ಬಳಿಕ ಊರನ್ನೇ ಎತ್ತರಿಸಿದರು! ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕಿಗಳಿಂದ ಮೇಲೆತ್ತಿ, ಅಡಿಗೆ ಕಡಲ ಹೊಯಿಗೆಯನ್ನು ನೀರಿನೊಡನೆ ಹರಿಸಿ ತುಂಬಿದರು. ಮೂರು ಸಾವಿರ ಟನ್ ತೂಕದ ಸೇಂಟ್ ಪ್ಯಾಟ್ರಿಕ್ ಇಗರ್ಜಿಯನ್ನು ಏಳುನೂರು ಜಾಕಿಗಳಿಂದ ಐದಡಿ ಎತ್ತಿದರು. ಆ ದಿನಗಳಲ್ಲಿಯೂ ಒಳಗೆ ಬಲಿಪೂಜೆ ನಿಲ್ಲಲಿಲ್ಲವೆನ್ನುತ್ತಾರೆ. ನಮ್ಮ ಇಗರ್ಜಿಯ ಮಾಡು ಬದಲಿಸುವಾಗ ಎರಡು ವಾರ ಸಭಾಂಗಣದಲ್ಲಿ ಪೂಜೆ ನಡೆಸಿದ್ದಕ್ಕೆ ಬಂದ ದೂರುಗಳು ನಮಗೆ ನೆನಪಾಗುತ್ತವೆ. 1915ರ ದೊಡ್ಡ ಚಂಡಮಾರುತದಲ್ಲಿ ಗೋಡೆ ತನ್ನ ಕೆಲಸ ಮಾಡಿತು. ಆದರೆ 2008ರ ಸೆಪ್ಟೆಂಬರ್ 13ರಂದು ಐಕ್ ಎಂಬ ಚಂಡಮಾರುತ ಬಂದಾಗ, ಗೋಡೆಯಿಲ್ಲದ ಬಡಗಣದ ಒಳಗಡಲಿನಿಂದ ನೀರು ಊರಿಗೆ ನುಗ್ಗಿತು.

ಇಂದು ಆ ದ್ವೀಪದ ಗಾಳಿಯನ್ನು ಯಂತ್ರಗಳು ಅಳೆಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಹೊಲಗಳಿಗೆ ಬೆಂಕಿಯಿಟ್ಟ ಹೊಗೆ ಕೊಲ್ಲಿಯನ್ನು ದಾಟಿ ಬರುತ್ತದೆ. ನಡುಬೇಸಿಗೆಯಲ್ಲಿ ಆಫ್ರಿಕದ ಸಹಾರಾ ಮರುಭೂಮಿಯ ಧೂಳು ಅಟ್ಲಾಂಟಿಕ್ ಸಾಗರವನ್ನೇ ದಾಟಿ ಬಂದು ಆಕಾಶವ ಮಸುಕು ಮಾಡುತ್ತದೆ. ಧೂಳು ಇಲ್ಲದ ದಿನ ಜುಲೈಯ ಕೊಲ್ಲಿಗಾಳಿ ಬಹಳ ಶುದ್ಧ. ಆಗಸ್ಟ್ ಕೊನೆಯಲ್ಲಿ ಗಾಳಿ ಸೋತಾಗ, ಒಳನಾಡಿನ ಹ್ಯೂಸ್ಟನ್ ನಗರದ ಎಣ್ಣೆ ಕಾರ್ಖಾನೆಗಳ ಹೊಗೆ ರಾತ್ರಿಯ ನೆಲಗಾಳಿಯೊಡನೆ ಕಡಲಿಗೆ ಹೋಗಿ, ಬಿಸಿಲಲ್ಲಿ ಓಝೋನ್ ಎಂಬ ಉಸಿರು ಕೆರಳಿಸುವ ಅನಿಲವನ್ನು ಉಂಟುಮಾಡಿ, ಮಧ್ಯಾಹ್ನದ ಕಡಲಗಾಳಿಯೊಡನೆ ಹಿಂದಿರುಗುತ್ತದೆ. ಕಡಲ ಕಡೆಯಿಂದ ಬಂದ ಗಾಳಿಯೆಲ್ಲ ಒಳ್ಳೆಯದೆನ್ನುವಂತಿಲ್ಲ. ಚಳಿಗಾಲದಲ್ಲಿ ಬಡಗಣ ಗಾಳಿ ಈಗಲೂ ಬಂದು ಆಕಾಶವನ್ನು ತೊಳೆಯುತ್ತದೆ.

ಅನಾಥಾಲಯವಿದ್ದ ಜಾಗದ ಬಳಿ, ತಡೆಗೋಡೆಯ ಮೇಲಿನ ರಸ್ತೆಯಲ್ಲಿ, 1994ರ ಸೆಪ್ಟೆಂಬರ್ 8ರಂದು ಒಂದು ಸ್ಮಾರಕ ಫಲಕವನ್ನು ನಿಲ್ಲಿಸಲಾಯಿತು. ಆ ಸಭೆಯ ಭಗಿನಿಯರು ಎಲ್ಲಿದ್ದರೂ ಪ್ರತಿವರ್ಷ ಅದೇ ದಿನ ಅದೇ ಸ್ತುತಿಗೀತೆಯನ್ನು ಹಾಡುತ್ತಾರೆ. ಅಲ್ಲಿಗೂ ನಮಗೂ ಆಗ ಸುಮಾರು ಹನ್ನೊಂದೂವರೆ ಗಂಟೆಗಳ ಅಂತರವಿತ್ತು. 1900ರ ಆ ಸಂಜೆ ಏಳೂವರೆಗೆ, ಗಾಳಿ ತಿರುಗಿ ನೀರು ಮೇಲೆದ್ದ ಹೊತ್ತಿನಲ್ಲಿ, ನಮ್ಮಲ್ಲಿ ಭಾನುವಾರದ ಬೆಳಗು. ಹೊಸಕ್ಕಿಯ ಊಟದ ಮರುದಿನ, ನಮ್ಮ ಹಿರಿಯರು ಪೂಜೆಗೆ ಹೋಗಲು ಹೊಳೆಯ ದಂಡೆಯಲ್ಲಿ ದೋಣಿಗೆ ಕಾಯುತ್ತಿದ್ದಿರಬೇಕು.